ಬೀರುವಿನಲ್ಲಿದ್ದ ಆಟದ ಡಬ್ಬಿ

ನಾನು ಮನೆಯಲ್ಲೇ ಕೂತು ಪುಸ್ತಕಗಳ ಪ್ರೂಫ್ ನೋಡುತ್ತೇನೆ. 2024ರ ಆಗಸ್ಟಿನಲ್ಲಿ, ಇನ್ನೂರು ಪುಟದ ಕಾದಂಬರಿಯೊಂದು ಅರ್ಧಕ್ಕೆ ಬಂದಿದ್ದಾಗ ನನ್ನ ಆರು ವರ್ಷದ ಲ್ಯಾಪ್‌ಟಾಪ್ ಕೈಕೊಟ್ಟಿತು. ಸದ್ದಿಲ್ಲ, ಹೊಗೆಯಿಲ್ಲ. ರಾತ್ರಿ ಮುಚ್ಚಿಟ್ಟಿದ್ದೆ, ಬೆಳಿಗ್ಗೆ ತೆಗೆದರೆ ಜೀವ ಇಲ್ಲ. ರಿಪೇರಿಯವರು ಎರಡು ದಿನ ಇಟ್ಟುಕೊಂಡು, "ಮದರ್‌ಬೋರ್ಡ್ ಹೋಗಿದೆ ಮೇಡಂ, ಹದಿನೆಂಟು ಸಾವಿರ ಆಗುತ್ತೆ" ಅಂದರು. ಅದಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತಿತ್ತು. ಆದರೆ ಆ ತಿಂಗಳು ಮಗನ ಕೋಚಿಂಗ್ ಫೀಸು ಕಟ್ಟಿ ಕೈ ಖಾಲಿ. ಫೈಲುಗಳೆಲ್ಲ ಪೆನ್‌ಡ್ರೈವ್‌ನಲ್ಲಿದ್ದವು, ಅದೊಂದೇ ಸಮಾಧಾನ.

"ಅಮ್ಮ, ಬೀರುನಲ್ಲಿ ಇಟ್ಟಿದ್ದೀಯಲ್ಲ, ಅದೂ ಕಂಪ್ಯೂಟರೇ ಕಣಮ್ಮ" ಅಂದ ಮಗ, ಊಟ ಮಾಡುತ್ತಾ.

ಬೀರುವಿನ ಕಥೆ ಹೇಳಬೇಕು. ಜೂನಿನಲ್ಲಿ ನಮ್ಮಣ್ಣನ ಮಗ ಅಮೆರಿಕದಿಂದ ಬಂದಿದ್ದ. ಅವನು ಓಎಲ್‌ಇಡಿ ಪರದೆಯ ಹೊಸ ಸ್ಟೀಮ್ ಡೆಕ್ ತಗೊಂಡು, ಹಳೇದನ್ನು ನನ್ನ ಮಗನಿಗೆ ಕೊಟ್ಟು ಹೋದ. ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್. ಮಧ್ಯೆ ಏಳು ಇಂಚಿನ ಪರದೆ, ಎರಡೂ ಕಡೆ ಗುಂಡಿಗಳು, ದೋಸೆ ಕಾವಲಿಯಷ್ಟಲ್ಲದಿದ್ದರೂ ಕೈ ಸೋಲುವಷ್ಟು ತೂಕ. ಇವನೋ ಸೆಕೆಂಡ್ ಪಿಯುಸಿ. ಹದಿನೈದು ದಿನ ನೋಡಿದೆ. ಹದಿನಾರನೇ ದಿನ ಡಬ್ಬಿ ಬೀರು ಸೇರಿತು, ಬೀಗದ ಕೈ ನನ್ನ ಹತ್ತಿರ. "ಪರೀಕ್ಷೆ ಮುಗಿಯೋವರೆಗೂ ಕೇಳಬೇಡ" ಅಂದಿದ್ದೆ. ಆದ್ದರಿಂದ ಅವನು ಹಾಗೆ ಹೇಳಿದಾಗ ನನಗೆ ಬಂದದ್ದು ಒಂದೇ ಯೋಚನೆ: ಅದನ್ನು ಹೊರಗೆ ತೆಗೆಸೋಕೆ ಇದೊಂದು ಉಪಾಯ.

ಅವನು ಬಿಡಲಿಲ್ಲ. "ನಿನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇತ್ತು. ಇದರಲ್ಲಿ 16 ಇದೆ. ಒಳಗಿರೋದು ಎಎಮ್‌ಡಿ ಚಿಪ್ಪು, ವಿಂಡೋಸ್ ಬದಲು ಲಿನಕ್ಸ್" ಅಂದ. ಆಮೇಲೆ ಚರಿತ್ರೆ ಪಾಠ ಶುರುವಾಯಿತು. ಸೋನಿ ಕಂಪನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 3 ಬಂದಾಗ, 2006ರಲ್ಲಿ, ಅದರ ಮೇಲೆ ಲಿನಕ್ಸ್ ಹಾಕಿಕೊಳ್ಳಲು ಕಂಪನಿಯೇ ದಾರಿ ಬಿಟ್ಟಿತ್ತಂತೆ. 2010ರ ಏಪ್ರಿಲ್‌ನಲ್ಲಿ ಒಂದು ಅಪ್‌ಡೇಟ್ ಬಂದು ಆ ದಾರಿ ಮುಚ್ಚಿತು. ಅದೇ ವರ್ಷ ಅಮೆರಿಕದ ವಾಯುಪಡೆ 1,760 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಮಾಡಿಕೊಂಡಿತ್ತು. ಫಿಸಿಕ್ಸ್ ಸೂತ್ರ ಇಷ್ಟು ನೆನಪಿದ್ದರೆ ಚೆನ್ನಾಗಿತ್ತು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ನನಗೆ ನೆನಪಾದದ್ದು ಬೇರೆ. ನಾನು ಹೈಸ್ಕೂಲಿನಲ್ಲಿದ್ದಾಗ ಎದುರು ಮನೆಯವರು ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದಿದ್ದರು. ಅದಕ್ಕೆ ಕೀಬೋರ್ಡ್ ಬೇರೆ ಇತ್ತು. "ನಮ್ಮ ಮನೆಗೆ ಕಂಪ್ಯೂಟರ್ ಬಂತು" ಅಂತ ಬೀದಿಗೆಲ್ಲ ಹೇಳಿದರು. ಟೈಪಿಂಗ್ ಕಲಿಸುವ ಕ್ಯಾಸೆಟ್ ಒಂದು ಇತ್ತು, ಆದರೆ ಯಾರೂ ಟೈಪಿಂಗ್ ಕಲಿಯಲಿಲ್ಲ. ಬಾತುಕೋಳಿ ಹೊಡೆದದ್ದೇ ಹೊಡೆದದ್ದು. ನನ್ನ ಅನುಮಾನಕ್ಕೆ ಬೇರು ಅಲ್ಲಿತ್ತು.

ಕಾದಂಬರಿ ಕೊಡಬೇಕಾದ ದಿನಕ್ಕೆ ಹನ್ನೊಂದು ದಿನ ಉಳಿದಿತ್ತು. ಬೀರು ತೆಗೆದೆ.

ಸ್ಟೀಮ್ ಗುಂಡಿ ಒತ್ತಿ, ಪವರ್ ಅನ್ನುವಲ್ಲಿಗೆ ಹೋದರೆ ‘ಡೆಸ್ಕ್‌ಟಾಪ್‌ಗೆ ಬದಲಿಸು’ ಅಂತ ಇರುತ್ತೆ. ಒತ್ತಿದೆ. ಪರದೆ ಒಂದು ಸಲ ಕಪ್ಪಾಗಿ, ಕೆಳಗೊಂದು ಪಟ್ಟಿ, ಮೂಲೆಯಲ್ಲಿ ಮೆನು, ಗಡಿಯಾರ ಎಲ್ಲ ಬಂತು. ನಿಜಕ್ಕೂ ಕಂಪ್ಯೂಟರ್! ಕೆಡಿಇ ಅನ್ನುವ ಡೆಸ್ಕ್‌ಟಾಪ್ ಅಂತೆ. ವಿಂಡೋಸ್‌ನಲ್ಲಿ ಬೆಳೆದ ಕೈಗೆ ಒಂದು ಗಂಟೆಯಲ್ಲಿ ಹೊಂದಿಕೊಂಡಿತು. ಬಲಗಡೆಯ ಚೌಕ ಪ್ಯಾಡ್ ಮೇಲೆ ಹೆಬ್ಬೆರಳು ಎಳೆದರೆ ಮೌಸ್. ಹಿಂದಿರುವ ಟ್ರಿಗರ್ ಒತ್ತಿದರೆ ಕ್ಲಿಕ್. ಸ್ಟೀಮ್ ಗುಂಡಿಯ ಜೊತೆ ಎಕ್ಸ್ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಬರುತ್ತೆ. ಡಿಸ್ಕವರ್ ಅನ್ನುವ ಅಂಗಡಿಯಿಂದ ವರ್ಡ್ ಥರದ ಲಿಬ್ರೆಆಫೀಸ್ ಇಳಿಸಿಕೊಂಡು ಕಾದಂಬರಿ ತೆರೆದೆ.

ಅಲ್ಲಿಗೆ ಖುಷಿ ಮುಗಿಯಿತು. ಏಳು ಇಂಚಿನಲ್ಲಿ ಕನ್ನಡದ ಪ್ರೂಫ್ ನೋಡೋದು ಅಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಅದೂ ಕರೆಂಟ್ ಇಲ್ಲದಾಗ. ಇಂಗ್ಲಿಷ್ ಅಕ್ಷರ ಎಷ್ಟು ಸಣ್ಣಗಿದ್ದರೂ ಓದಬಹುದು. ಕನ್ನಡದ್ದು ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ‘ಷ್ಟ’ ಇದೆಯೋ ‘ಷ್ಠ’ ಇದೆಯೋ ಗೊತ್ತಾಗಬೇಕಾದರೆ ಹೊಟ್ಟೆಯೊಳಗಿನ ಚುಕ್ಕಿ ಕಾಣಬೇಕು. ದೊಡ್ಡದು ಮಾಡಿದರೆ ಪರದೆಯಲ್ಲಿ ಎಂಟೇ ಸಾಲು. ಎರಡು ಪುಟ ನೋಡುವಷ್ಟರಲ್ಲಿ ಕುತ್ತಿಗೆ ಹಿಡಿಯಿತು.

ಮಾರನೇ ದಿನ ನಮ್ಮನೆಯವರ ಹಳೇ ಮಾನಿಟರನ್ನು ಅಟ್ಟದಿಂದ ಇಳಿಸಿದೆ. ಈ ಡಬ್ಬಿಗೆ ಇರೋದು ಒಂದೇ ಒಂದು ಟೈಪ್-ಸಿ ತೂತು. ಚಾರ್ಜರ್ ಹಾಕಿದರೆ ಮಾನಿಟರ್‌ಗೆ ಜಾಗವಿಲ್ಲ. ಅದಕ್ಕೆ ಒಂದು ಹಬ್ ಬೇಕು. ಮೊದಲು ತಂದದ್ದು ಅಗ್ಗದ್ದು, ಚಾರ್ಜರಿನ ಕರೆಂಟನ್ನು ಒಳಗೆ ಬಿಡುತ್ತಲೇ ಇರಲಿಲ್ಲ. ಎರಡು ಗಂಟೆ ಕೆಲಸ ಮಾಡಿ ನೋಡಿದರೆ ಬ್ಯಾಟರಿ ಅರ್ಧ. ತಗೊಳ್ಳುವವರು ‘ಪವರ್ ಡೆಲಿವರಿ’ ಇದೆಯಾ ಅಂತ ಕೇಳಿ ತಗೊಳ್ಳಿ. ಇದರ ಜೊತೆ ಬಂದಿರೋದು 45 ವ್ಯಾಟಿನ ಚಾರ್ಜರ್, ಅಷ್ಟನ್ನು ದಾಟಿಸುವ ಹಬ್ ಬೇಕು. ಬದಲಾಯಿಸಿ ತಂದ ಹಬ್‌ಗೆ ಎರಡು ಸಾವಿರದ ನಾನೂರು, ಕೀಬೋರ್ಡ್ ಮೌಸ್ ಸೇರಿ ಸಾವಿರದ ಇನ್ನೂರು. ಹದಿನೆಂಟು ಸಾವಿರದ ಮುಂದೆ ಏನೂ ಅಲ್ಲ, ಅಲ್ವಾ? ಮಾನಿಟರ್ ಮೇಲೆ ಪುಟ ಪೂರ್ತಿ ಕಂಡಿತು. ಡಬ್ಬಿಯನ್ನು ಅಡುಗೆ ಪುಸ್ತಕದ ಸ್ಟ್ಯಾಂಡಿಗೆ ಒರಗಿಸಿ ಪಕ್ಕದಲ್ಲಿಟ್ಟೆ.

ಈಗ ಕನ್ನಡ ಟೈಪಿಂಗ್. ನಾನು ಇಪ್ಪತ್ತು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವಳು. ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸ್‌ದು, ಇಲ್ಲಿ ಓಡಲ್ಲ ಅಂತ ಗೊತ್ತಿತ್ತು. ಇಂಟರ್‌ನೆಟ್‌ನಲ್ಲಿ ಹುಡುಕಿ ಏನೋ ಇಳಿಸಿಕೊಳ್ಳಬೇಕಾಗುತ್ತೆ ಅಂತ ಕೂತೆ. ಸುಮ್ನೆ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ವಿನ್ಯಾಸಗಳ ಪಟ್ಟಿ ತೆಗೆದು ‘ಕನ್ನಡ’ ಅಂತ ಹುಡುಕಿದರೆ ಎರಡು ಬಂದವು. ಒಂದು ಬರೀ ಕನ್ನಡ. ಇನ್ನೊಂದರ ಹೆಸರಿನ ಪಕ್ಕ ‘ಕಗಪ’ ಅಂತ ಇತ್ತು! ನಮ್ಮ ಗಣಕ ಪರಿಷತ್ತಿನ ಕಗಪ. ಕಂಪ್ಯೂಟರಿಗೆ ಕನ್ನಡ ಕೀಬೋರ್ಡ್ ರೂಪಿಸಿದ ಕೆ.ಪಿ. ರಾವ್ ಅವರು ಹಾಕಿಕೊಟ್ಟ ದಾರಿಯಲ್ಲಿ ಬಂದ ಅದೇ ವಿನ್ಯಾಸ. ಎಲ್ಲೋ ಅಮೆರಿಕದ ಕಂಪನಿಯೊಂದು ರೂಪಿಸಿದ ಆಟದ ಡಬ್ಬಿಯೊಳಗೆ ಅದು ಮೊದಲಿನಿಂದಲೂ ಕೂತಿತ್ತು. ಮಗನನ್ನು ಕರೆದು ತೋರಿಸಿದೆ. ಅವನಿಗೆ ಏನೂ ಅನಿಸಲಿಲ್ಲ. "ಲಿನಕ್ಸ್‌ನಲ್ಲಿ ಎಲ್ಲ ಇರುತ್ತಮ್ಮ" ಅಂದು ಹೋದ.

ಕೆ ಒತ್ತಿದರೆ ಕ, ಡಬ್ಲ್ಯು ಒತ್ತಿದರೆ ಡ, ಒತ್ತಕ್ಷರಕ್ಕೆ ಎಫ್. ಕೈ ತಾನಾಗಿ ಓಡಿತು. ಮೊದಲ ಪದ ‘ಕನ್ನಡ’ ಸರಿಯಾಗಿ ಬಂತು. ಎರಡನೇ ಪದ ‘ಇಂದು’ ಬರಲಿಲ್ಲ. ಚುಕ್ಕಿಗಳ ಬಳೆಯೊಂದು ಬಂದು, ಅದರ ತಲೆ ಮೇಲೆ ಗುಡಿಸು ಕೂತಿತ್ತು. ನುಡಿಯಲ್ಲಿ ಐ ಒತ್ತಿದರೆ ಪದದ ಮೊದಲಲ್ಲಿ ‘ಇ’, ವ್ಯಂಜನದ ಮೇಲೆ ಗುಡಿಸು, ಅದೇ ಅರ್ಥ ಮಾಡಿಕೊಳ್ಳುತ್ತೆ. ಇಲ್ಲಿ ಒಂದು ಕೀಲಿಗೆ ಒಂದು ಗುರುತು, ಹಿಂದೆ ಮುಂದೆ ನೋಡುವ ಬುದ್ಧಿ ಇಲ್ಲ. ಪೂರ್ತಿ ‘ಇ’ ಬೇಕೆಂದರೆ ಬಲಗಡೆಯ ಆಲ್ಟ್ ಹಿಡಿದು ಐ ಒತ್ತಬೇಕು. ‘ಉ’, ‘ಎ’ ಎಲ್ಲಕ್ಕೂ ಹಾಗೇ. ಇಪ್ಪತ್ತು ವರ್ಷದ ಕೈಗೆ ಇದನ್ನು ಕಲಿಸಲು ಮೂರು ವಾರ ಹಿಡಿಯಿತು. ಈಗಲೂ ಅವಸರದಲ್ಲಿ ‘ಎಂದು’ ಬರೆದರೆ ಬಳೆ ಬರುತ್ತೆ.

ಇನ್ನೊಂದು ತಲೆನೋವು ‘ಸಾಫ್ಟ್‌ವೇರ್’. ಹಾಗೇ ಟೈಪ್ ಮಾಡಿದರೆ ‘ವ’ ಹೋಗಿ ‘ಟ’ ಕೆಳಗೆ ಒತ್ತಾಗಿ ನೇತಾಡುತ್ತೆ: ‘ಸಾಫ್ಟ್ವೇರ್’. ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಲಿಬ್ರೆಆಫೀಸ್‌ನಲ್ಲಿ ಇಂಗ್ಲಿಷಿಗೆ ಬದಲಿಸಿ 200ಸಿ ಅಂತ ಹೊಡೆದು ಆಲ್ಟ್ ಎಕ್ಸ್ ಒತ್ತಿದರೆ ಅದು ಬರುತ್ತೆ. ಪ್ರತಿ ಸಲ ಈ ಸರ್ಕಸ್ ಯಾರು ಮಾಡುತ್ತಾರೆ? ಜಾಸ್ತಿ ಬರುವ ಪದಗಳನ್ನು ಆಟೋಕರೆಕ್ಟ್‌ಗೆ ಸೇರಿಸಿಟ್ಟೆ. ಭಾಷೆ ಬದಲಿಸಲು ಕ್ಯಾಪ್ಸ್‌ಲಾಕ್ ಇಟ್ಟುಕೊಂಡೆ. ಕನ್ನಡದವರಿಗೆ ಕ್ಯಾಪ್ಸ್‌ಲಾಕ್‌ನಿಂದ ಇನ್ನೇನು ಉಪಯೋಗ?

ಹಳೇ ಫೈಲುಗಳದ್ದು ಬೇರೆಯೇ ಸಮಸ್ಯೆ. ನಮ್ಮ ಪ್ರಕಾಶಕರಲ್ಲಿ ಅರ್ಧ ಜನ ಈಗಲೂ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬಂದಿಲ್ಲ. ಅವರು ಕಳಿಸುವ ಫೈಲು ತೆರೆದರೆ ‘ಕನ್ನಡ’ ಅನ್ನುವ ಕಡೆ ಒಂದು ಪಿ, ಒಂದು ಪೌಂಡ್ ಗುರುತು, ತಲೆ ಮೇಲೆ ಗೆರೆ ಹೊತ್ತ ಎ. ಈ ಕೆಲಸದಲ್ಲಿರುವವರಿಗೆ ಅದು ಕಂಠಪಾಠ. ನುಡಿಯ ಹಳೇ ಫಾಂಟ್‌ಗಳು ಪೆನ್‌ಡ್ರೈವ್‌ನಲ್ಲಿದ್ದವು, ಅದರ ಮೇಲೆ ಎರಡು ಸಲ ಒತ್ತಿದರೆ ಫಾಂಟ್ ಸೇರಿಕೊಂಡಿತು. ಓದೋದಕ್ಕೆ ತೊಂದರೆ ಇಲ್ಲ. ತಿದ್ದಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿ, ತಿದ್ದಿ, ವಾಪಸ್ ಪರಿವರ್ತಿಸಿ ಕಳಿಸಬೇಕು. ಪರಿವರ್ತಿಸುವಾಗ ಅರ್ಕಾವೊತ್ತು ಕೆಲವು ಕಡೆ ತಪ್ಪಾಗಿ ಕೂರುತ್ತೆ, ಅದನ್ನು ಮತ್ತೆ ಕಣ್ಣಿಟ್ಟು ನೋಡಬೇಕು. ಈ ಒಂದು ವಿಷಯಕ್ಕೆ ಮಾತ್ರ ವಿಂಡೋಸ್ ನೆನಪಾಗಿದ್ದು ನಿಜ.

ಕಾದಂಬರಿ ಹತ್ತನೇ ದಿನ ಕೊಟ್ಟೆ. ಒಂದು ದಿನ ಮುಂಚೆ!

ಸೆಪ್ಟೆಂಬರಿನಲ್ಲಿ ಪ್ರಿಂಟರ್ ಸರದಿ. ಕೊನೇ ಪ್ರೂಫನ್ನು ನಾನು ಕಾಗದದ ಮೇಲೇ ನೋಡೋದು. ನಮ್ಮ ಡಬ್ಬಿಯಲ್ಲಿ ಪ್ರಿಂಟಿಂಗ್‌ಗೆ ಬೇಕಾದ ಸಾಮಾನು ಇರಲಿಲ್ಲ. ಹಾಕಿಕೊಳ್ಳಬೇಕಾದರೆ ಮೊದಲು ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆಗೆದು ಪಾಸ್‌ವರ್ಡ್ ಇಡಬೇಕು, ಯಾಕೆಂದರೆ ‘ಡೆಕ್’ ಅನ್ನುವ ಬಳಕೆದಾರನಿಗೆ ಪಾಸ್‌ವರ್ಡೇ ಇಲ್ಲ. ಆಮೇಲೆ ‘ಓದೋಕೆ ಮಾತ್ರ’ ಅನ್ನುವ ಬೀಗ ತೆಗೆಯಬೇಕು. ಆಮೇಲೆ ಪ್ಯಾಕ್‌ಮ್ಯಾನ್.

"ಏನಮ್ಮ ಮಾಡ್ತಿದ್ದೀಯ?" ಅಂತ ಬಂದ ಮಗ.

"ಪ್ಯಾಕ್‌ಮ್ಯಾನ್" ಅಂದೆ.

"ನಾನು ಆಡಬಾರದು, ನೀನು ಆಡಬಹುದಾ?"

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಕಮಾಂಡಿಗೆ ಆ ಹೆಸರಿಟ್ಟವರು ಯಾರೋ, ನಮ್ಮನೆಯಲ್ಲಿ ಎರಡು ದಿನ ನಗು. ಕಂತು ಕಂತಾಗಿ ಕಮಾಂಡ್ ಹೊಡೆದು, ಸಾಫ್ಟ್‌ವೇರ್ ಅಸಲಿಯೇ ಅಂತ ನೋಡುವ ಕೀಲಿಗಳು ಸರಿಯಿಲ್ಲ ಅಂದಾಗ ಅದನ್ನೂ ಸರಿ ಮಾಡಿ, ಅಂತೂ ಪ್ರಿಂಟರ್ ಓಡಿಸಿದೆ. ಮೊದಲ ಹಾಳೆ ಹೊರಗೆ ಬಂದಾಗ ಮೊದಲ ಸಲ ಗುಂಡಗೆ ಚಪಾತಿ ಲಟ್ಟಿಸಿದಾಗಿನಷ್ಟು ಹೆಮ್ಮೆ.

ನವೆಂಬರಿನಲ್ಲಿ ಅಪ್‌ಡೇಟ್ ಬಂತು, ಹಾಕಿದೆ. ಪ್ರಿಂಟರ್ ಮಾಯ. ತಪ್ಪು ನನ್ನದೇ. ಈ ಯಂತ್ರ ನಡೆಯುವ ರೀತಿಯೇ ಹಾಗೆ. ಸಿಸ್ಟಮ್ ಇರುವ ಭಾಗ ಬಾಡಿಗೆ ಮನೆಯ ಗೋಡೆ ಇದ್ದ ಹಾಗೆ. ನಿಮ್ಮ ಹೋಮ್ ಫೋಲ್ಡರ್ ನಿಮ್ಮ ಸಾಮಾನು, ಯಾರೂ ಮುಟ್ಟಲ್ಲ. ಡಿಸ್ಕವರ್‌ನಿಂದ ಹಾಕಿದ್ದೂ ಹಾಗೇ ಉಳಿಯುತ್ತೆ. ಗೋಡೆಗೆ ಮೊಳೆ ಹೊಡೆದರೆ ಮಾತ್ರ, ಮುಂದಿನ ಸಲ ಮಾಲೀಕರು ಸುಣ್ಣ ಬಳಿಸಿದಾಗ ಮೊಳೆ ಹೋಗಿರುತ್ತೆ. ಪೂರ್ತಿ ಹೊಸ ಸಿಸ್ಟಮನ್ನೇ ಪಕ್ಕದಲ್ಲಿ ಇಳಿಸಿಕೊಂಡು, ಸ್ಟಾರ್ಟ್ ಆಗುವಾಗ ಅದಕ್ಕೆ ದಾಟುತ್ತೆ. ಆಟ ಆಡುವ ಹುಡುಗರು ಏನೇ ಕಿತ್ತುಹಾಕಿದರೂ ಯಂತ್ರ ಕೆಡಬಾರದು ಅಂತ ಮಾಡಿರುವ ಏರ್ಪಾಡು, ಯೋಚಿಸಿದರೆ ಒಳ್ಳೆಯದೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ವರ್ಷಕ್ಕೊಂದು ಸಲ ಯಾರನ್ನಾದರೂ ಕರೆದು ವಿಂಡೋಸ್ ಹಾಕಿಸುತ್ತಿದ್ದೆ, ಇಲ್ಲಿ ಅದೊಂದು ರಗಳೆ ಇಲ್ಲ. ಪ್ರಿಂಟರ್ ಆಸೆ ಬಿಟ್ಟೆ. ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಕಳಿಸುತ್ತೇನೆ, ಸಂಜೆ ತರಕಾರಿಗೆ ಹೋದಾಗ ತರುತ್ತೇನೆ. ಪುಟಕ್ಕೆ ಎರಡು ರೂಪಾಯಿ.

ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಯಿತು. ಮಾನಿಟರ್ ಕಪ್ಪಾಗುತ್ತೆ, ವೈಫೈ ಹೋಗುತ್ತೆ. ಆದರೆ ತೆರೆದಿದ್ದ ಪುಟ ಪಟ್ಟಂತ ಹಾರಿ ಸಣ್ಣ ಪರದೆಗೆ ಬಂದು ಕೂರುತ್ತೆ. ಒಂದಕ್ಷರ ಕಳೆದುಹೋಗಲ್ಲ. ಬ್ಯಾಟರಿ 40 ವ್ಯಾಟ್-ಅವರ್‌ನದು. ಆಟಕ್ಕಾದರೆ ಎರಡು ಗಂಟೆಯಲ್ಲಿ ಮುಗಿಯಬಹುದು, ನನ್ನ ಪ್ರೂಫಿಗೆ ನಾಲ್ಕೈದು ಗಂಟೆ ಬರುತ್ತೆ. ಫ್ಯಾನ್ ತಿರುಗುವ ಸದ್ದು ಕೂಡ ಕೇಳಿಸಲ್ಲ. ಕ್ಯಾಮೆರಾ ಇಲ್ಲದಿರುವುದು ಕೆಲವರಿಗೆ ಕೊರತೆ ಅನಿಸಬಹುದು. ಪ್ರಕಾಶಕರ ಮೀಟಿಂಗ್‌ನಲ್ಲಿ ಮುಖ ತೋರಿಸದೆ ಇರಲು ನನಗೆ ಒಳ್ಳೆಯ ನೆಪ ಸಿಕ್ಕಿತು.

ಇನ್ನು ನಾನು ಮಾಡಿದ ಅನಾಹುತ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ.

ನಮ್ಮದು 64 ಜಿಬಿಯ ಮಾದರಿ, ಎಲ್ಲಕ್ಕಿಂತ ಕಡಿಮೆ ಜಾಗದ್ದು. ಜನವರಿಯಲ್ಲಿ ‘ಜಾಗ ಮುಗಿಯುತ್ತಿದೆ’ ಅಂತ ಮೂಲೆಯಲ್ಲಿ ಎಚ್ಚರಿಕೆ ಬರತೊಡಗಿತು. ಆಟಗಳೆಲ್ಲ ಮೆಮೊರಿ ಕಾರ್ಡಿನಲ್ಲಿವೆ, ನನ್ನ ಫೈಲು ಎಲ್ಲ ಸೇರಿ ಎರಡು ಜಿಬಿಯೂ ಇಲ್ಲ. ಹಾಗಾದರೆ ತಿಂದದ್ದು ಯಾರು? ಫೈಲ್‌ಲೈಟ್ ಅಂತ ಒಂದು ತಂತ್ರಾಂಶ ಇದೆ, ಯಾವ ಫೋಲ್ಡರ್ ಎಷ್ಟು ತಿಂದಿದೆ ಅಂತ ಸುತ್ತುಸುತ್ತಾಗಿ ರಂಗೋಲಿಯ ಹಾಗೆ ತೋರಿಸುತ್ತೆ. ಆಟಗಳನ್ನು ನೋಡಿಕೊಳ್ಳುವ ಸ್ಟೀಮ್‌ನ ಫೋಲ್ಡರ್ ಒಳಗೆ, ಒಳಗೆ, ಇನ್ನೂ ಒಳಗೆ ಹೋದರೆ ಅಕ್ಕಪಕ್ಕ ಎರಡು ದಪ್ಪ ಫೋಲ್ಡರ್: ಶೇಡರ್‌ಕ್ಯಾಶ್, ಕಂಪ್ಯಾಟ್‌ಡೇಟಾ. ಎರಡರ ಒಳಗೂ ಬರೀ ನಂಬರಿನ ಹೆಸರಿನ ಫೋಲ್ಡರ್‌ಗಳು. ಆಟ ಕಾರ್ಡಿನಲ್ಲಿದ್ದರೂ ಅದರ ಬಾಲ ಇಲ್ಲೇ ಬೆಳೆಯುತ್ತೆ ಅಂತ ಆಮೇಲೆ ಗೊತ್ತಾಯಿತು. ಕ್ಯಾಶ್ ಅಂದರೆ ಅಳಿಸಬಹುದು, ಫೋನಿನಲ್ಲಿ ಅಳಿಸುತ್ತೇವಲ್ಲ. ಅಳಿಸಿದೆ. ಪಕ್ಕದ್ದೂ ಅದರ ತಮ್ಮನೇ ಇರಬೇಕು ಅಂತ ಅದನ್ನೂ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಎಚ್ಚರಿಕೆ ನಿಂತಿತು.

ಎರಡು ದಿನ ಬಿಟ್ಟು, ಕುತೂಹಲಕ್ಕೆ, ಕಂಪ್ಯಾಟ್‌ಡೇಟಾ ಅಂದರೇನು ಅಂತ ಓದಿದೆ. ಶೇಡರ್‌ಕ್ಯಾಶ್ ಮತ್ತೆ ತಾನೇ ತಯಾರಾಗುತ್ತೆ. ಕಂಪ್ಯಾಟ್‌ಡೇಟಾ ಹಾಗಲ್ಲ. ವಿಂಡೋಸ್ ಆಟಗಳನ್ನು ಲಿನಕ್ಸ್ ಮೇಲೆ ಓಡಿಸಲು ಒಂದೊಂದು ಆಟಕ್ಕೂ ಒಂದೊಂದು ಪುಟ್ಟ ವಿಂಡೋಸ್ ಮನೆ ಕಟ್ಟಿರುತ್ತೆ, ಅದು ಇರೋದು ಅಲ್ಲಿ. ಆಟ ಎಲ್ಲಿಗೆ ಬಂದಿದೆ ಅನ್ನುವ ಸೇವ್ ಕೂಡ ಬಹಳ ಸಲ ಆ ಮನೆಯೊಳಗೇ. ಕ್ಲೌಡ್‌ನಲ್ಲಿ ಉಳಿಸುವ ಆಟಗಳಾದರೆ ವಾಪಸ್ ಬರುತ್ತವೆ. ಇಲ್ಲದಿದ್ದರೆ ಹೋಯಿತು.

ಪರೀಕ್ಷೆಗೆ ಒಂದೂವರೆ ತಿಂಗಳು ಇತ್ತು. ಹೇಳಲಿಲ್ಲ. ಅವನು ಮಧ್ಯೆ ಮಧ್ಯೆ ಬಂದು, "ಅಮ್ಮ, ನನ್ನ ಗೇಮ್‌ಗಳೇನೂ ಮುಟ್ಟಿಲ್ಲ ತಾನೆ?" ಅಂತ ಕೇಳುವನು. "ಗೇಮ್ ಮುಟ್ಟಿಲ್ಲಪ್ಪ" ಅನ್ನುತ್ತಿದ್ದೆ. ಅದೇನೂ ಸುಳ್ಳಲ್ಲ. ಗೇಮ್‌ಗಳು ಕಾರ್ಡಿನಲ್ಲಿ ಹಾಗೇ ಇದ್ದವು.

ಮಾರ್ಚಿನಲ್ಲಿ ಪಿಯುಸಿ ಮುಗಿಯಿತು. "ಸಿಇಟಿ ಆಗಲಿ" ಅಂದೆ. ಏಪ್ರಿಲಿನಲ್ಲಿ ಅದೂ ಮುಗಿಯಿತು. ಅವತ್ತು ಸಂಜೆ ಅವನಿಗೆ ಇಷ್ಟ ಅಂತ ನೀರ್ ದೋಸೆ ಮಾಡಿ, ಅವನು ಐದನೇದು ತಿನ್ನುವಾಗ ಹೇಳಿದೆ. ಒಂದು ನಿಮಿಷ ಮಾತಾಡಲಿಲ್ಲ. "ಎರಡೂ ಫೋಲ್ಡರಾ?" ಅಂತ ಕೇಳಿದ. ಹೂಂ ಅಂದೆ. ಕೈ ತೊಳೆದು ಹೋಗಿ ನೋಡಿದ. ನಾಲ್ಕು ಆಟದಲ್ಲಿ ಮೂರು ಕ್ಲೌಡ್‌ನಿಂದ ವಾಪಸ್ ಬಂದವು. ನಾಲ್ಕನೇದು, ಹದಿನೈದು ದಿನ ಹಗಲೂ ರಾತ್ರಿ ಆಡಿದ್ದು, ಮೊದಲಿನಿಂದ ಶುರು ಮಾಡಬೇಕಿತ್ತು. "ಪರವಾಗಿಲ್ಲ ಬಿಡು" ಅಂದ, ಪರವಾಗಿಲ್ಲದ ಧ್ವನಿ ಅಲ್ಲ ಅದು.

ಈಗ ಒಂದು ಒಪ್ಪಂದ ಆಗಿದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ನನ್ನದು, ಆಮೇಲೆ ಅವನದು. ಹೊಸ ಲ್ಯಾಪ್‌ಟಾಪ್ ತಗೊಳ್ಳೋಣ ಅಂತ ನಮ್ಮನೆಯವರು ಎರಡು ಸಲ ಅಂದರು. ನೋಡೋಣ ಅಂದಿದ್ದೇನೆ.

ಮೊದಲ ದಿನ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಬಂದು ನಿಂತ. ದೊಡ್ಡ ಪರದೆಯಲ್ಲೇ ಆಡೋಣ ಅಂತ ಹಬ್ ತೆಗೆಯದೆ, ಗೇಮ್ ಮೋಡ್‌ಗೂ ಹೋಗದೆ, ಡೆಸ್ಕ್‌ಟಾಪ್‌ನಲ್ಲೇ ಆಟ ತೆರೆದ. ನಾನು ಅಡುಗೆಮನೆಯಲ್ಲಿದ್ದೆ. ಹೊಸದಾಗಿ ಶುರು ಮಾಡಬೇಕಲ್ಲ, ಆಟಗಾರನ ಹೆಸರು ಕೇಳಿದೆ ಅಂತ ಕಾಣುತ್ತೆ. ಟಕ ಟಕ ಟೈಪ್ ಮಾಡಿದ ಸದ್ದು ಬಂತು. ನಿಂತಿತು. ಮತ್ತೆ ಟಕ ಟಕ.

"ಅಮ್ಮಾ! ನನ್ನ ಹೆಸರಿದ್ದ ಜಾಗದಲ್ಲಿ ಬರೀ ಡಬ್ಬಿ ಬರ್ತಿದೆ. ನಿನ್ನ ಕನ್ನಡ ತೆಗಿ!"

"ಕ್ಯಾಪ್ಸ್‌ಲಾಕ್ ಒತ್ತೋ" ಅಂದೆ ಅಲ್ಲಿಂದಲೇ.